ಮಾಮನ ಬೇಸ್ ಆಂಪ್, ಭಾಗ 3: ಬಿಸ್ಕತ್ ಡಬ್ಬದ ವಾಲ್ವ್

ಮೊದಲೇ ಹೇಳ್ಬಿಡ್ತೀನಿ: ಹಳೇ ವಾಲ್ವ್ ಆಂಪನ್ನ ಪ್ಲಗ್ ಕಿತ್ತ ತಕ್ಷಣ ಮುಟ್ಬೇಡಿ. ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು, ಜೀವಕ್ಕೇ ಅಪಾಯ. ಗೊತ್ತಿರೋರ ಜೊತೆ ಕೂತು ಡಿಸ್ಚಾರ್ಜ್ ಮಾಡಿ, ಮೀಟರ್ ಸೊನ್ನೆ ತೋರಿಸಿದ ಮೇಲೇ ಕೈ ಹಾಕಿ.

ಮಾಮ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸ್ತಿದ್ದ ಆಂಪ್ ಇದು. ಕೆಟ್ಟ ಮೇಲೆ ಅವರು ಬೇಸನ್ನೇ ಮುಟ್ಟಿಲ್ಲ. "ಗುಜರಿಗೆ ಹಾಕೋ" ಅಂದಿದ್ರು.

ಉಬ್ಬಿದ್ದ ಕೆಪಾಸಿಟರ್‌ಗೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಬದಲಿ ಸಿಕ್ತು. ಇಎಲ್84 ವಾಲ್ವ್ ಮಾತ್ರ ಎಷ್ಟು ಅಂಗಡಿ ಅಲೆದ್ರೂ ಇಲ್ಲ. ಕೊನೆಗೆ ರೇಡಿಯೋ ರಿಪೇರಿ ಮಾಡ್ತಿದ್ದ ಅಜ್ಜ ಒಬ್ರು ಬಿಸ್ಕತ್ ಡಬ್ಬ ತೆಗೆದ್ರು. ಪೇಪರಲ್ಲಿ ಸುತ್ತಿಟ್ಟ ಜೋಡಿ, ಮೇಲೆ ಬಿಇಎಲ್ ಅಂತ ಅಚ್ಚು. ನಮ್ಮೂರ ಕಂಪನಿದೇ!

ನಿನ್ನೆ ರಾತ್ರಿ ವಾಲ್ವ್ ಕೆಂಪಗಾಯ್ತು. ನಾನು ಒಂದೇ ತಂತಿ ಮೀಟಿದೆ. ಒಳಗಿಂದ ಮಾಮನ ದನಿ ಬಂತು:

"ಶ್ರುತಿ ಇಳಿದಿದೆ ಕಣೋ. ಕೊಡಿಲ್ಲಿ."