ನಾಲ್ಕು ದನಿಯ ಕನ್ನಡ

ಒಬ್ಬನೇ ವೇದಿಕೆಯ ಮೇಲೆ ನಿಂತು ಹಾಡುವ ಗಂಟಲು ಎಲ್ಲರಿಗೂ ಇರುವುದಿಲ್ಲ. ನನಗಂತೂ ಇಲ್ಲ. ಆದರೆ ಹಾಡಬೇಕೆಂಬ ಆಸೆ ಗಂಟಲು ನೋಡಿಕೊಂಡು ಹುಟ್ಟುವಂಥದ್ದಲ್ಲ. ಅಂಥ ಆಸೆಯನ್ನು ಮರ್ಯಾದೆಯಿಂದ ಒಳಗೆ ಕರೆದು ಕೂರಿಸುವ ಜಾಗ ಕ್ವಾಯರ್. ಮಂಗಳೂರಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನವೆಂಬರ್ ಕಳೆಯುವ ಹೊತ್ತಿಗೆ ಚರ್ಚಿನ ಹಾಲ್‌ಗಳಲ್ಲಿ ದೀಪ ಉರಿಯತೊಡಗುತ್ತದೆ. ಬ್ಯಾಂಕಿನಿಂದ, ಆಸ್ಪತ್ರೆಯ ಡ್ಯೂಟಿಯಿಂದ, ಅಂಗಡಿಯಿಂದ ಜನ ನೇರವಾಗಿ ಪ್ರಾಕ್ಟೀಸಿಗೆ ಬಂದು ಸೇರುತ್ತಾರೆ.

ನಾನು ಬೇಸ್ ಸಾಲಿನವನು. ಸೊಪ್ರಾನೊದವರು ಹಾಡಿನ ಮುಖ್ಯ ಧಾಟಿ ಹಿಡಿದು ಮೇಲೆ ಮೇಲೆ ಹೋಗುತ್ತಾರೆ, ಅವರ ಕೆಳಗೆ ಆಲ್ಟೊ ಹೆಂಗಸರು, ಆಮೇಲೆ ಟೆನರ್ ಗಂಡಸರು, ಎಲ್ಲಕ್ಕಿಂತ ಅಡಿಯಲ್ಲಿ ನಾವು. ಬೇಸ್‌ನವರ ಸಾಲನ್ನು ಮಾತ್ರ ಹಾಡಿಸಿದರೆ ಅದು ಯಾವ ಹಾಡೆಂದು ಮನೆಯವರಿಗೂ ಗುರುತು ಸಿಗುವುದಿಲ್ಲ. ಒಂದೇ ಸ್ವರದ ಮೇಲೆ ಐದಾರು ಅಕ್ಷರ ನಿಂತೇ ಇರಬೇಕಾಗುತ್ತದೆ. ಮಾಸ್ಟರ್ ಮೊದಲು ಒಂದೊಂದು ಸಾಲಿಗೂ ಬೇರೆಬೇರೆಯಾಗಿ ಪಾಠ ಹೇಳುತ್ತಾರೆ. ವಾರಗಟ್ಟಲೆ ತಿದ್ದಿದ ಮೇಲೆ ಒಂದು ಸಂಜೆ ನಾಲ್ಕನ್ನೂ ಕೂಡಿಸುತ್ತಾರೆ. ಆ ಹೊತ್ತು ನನ್ನ ಚಪ್ಪಟೆ ಸಾಲಿಗೆ ಅರ್ಥ ಬರುತ್ತದೆ. ಮೇಲಿನ ಮೂರು ದನಿಗಳು ಅದರ ಮೇಲೆ ನಿಂತಿರುವುದು ಕಿವಿಗೆ ಕಾಣುತ್ತದೆ. ಬದುಕಿನಲ್ಲಿ ನನಗೆ ಸಿಕ್ಕ ದೊಡ್ಡ ಸಂತೋಷಗಳಲ್ಲಿ ಇದು ಒಂದು.

ನಮ್ಮ ಸಂಗೀತ ಬೆಳೆದದ್ದು ಬೇರೆ ದಾರಿಯಲ್ಲಿ. ಶ್ರುತಿ ಒಂದು, ರಾಗ ಒಂದು, ಅದನ್ನು ಗಂಟೆಗಟ್ಟಲೆ ಅರಳಿಸುವ ಗಾಯಕ ಒಬ್ಬ. ಭಜನೆಯಲ್ಲಿ ಹತ್ತು ಜನ ಹಾಡಿದರೂ ಹಾಡುವುದು ಒಂದೇ ಧಾಟಿ. ಅದರ ಸುಖ ನನಗೆ ಗೊತ್ತಿದೆ. ನೆರೆಮನೆಯ ಶನಿವಾರದ ಭಜನೆ ಕೇಳಿಕೊಂಡೇ ಬೆಳೆದವನು ನಾನು. ಆದರೆ ಬೇರೆ ಬೇರೆ ಸ್ವರಗಳನ್ನು ಏಕಕಾಲಕ್ಕೆ ಹಾಡುತ್ತ ಒಂದಾಗುವುದು ಇನ್ನೊಂದು ಬಗೆಯ ಶಿಸ್ತು. ಪಕ್ಕದವನ ದನಿ ಕೇಳಿಸಿಕೊಳ್ಳುತ್ತಲೇ ಇರಬೇಕು, ಆದರೆ ಅದರ ಹಿಂದೆ ಹೋಗಬಾರದು.

ಕನ್ನಡ ಹೀಗೆ ನಾಲ್ಕು ದನಿಯಲ್ಲಿ ಹಾಡತೊಡಗಿದ್ದಕ್ಕೆ ಒಂದು ಚರಿತ್ರೆಯಿದೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಜರ್ಮನ್ ಮಿಶನರಿಗಳು ಬಾಸೆಲ್ ಮಿಶನ್ನಿನಿಂದ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ಮಿಶನ್ನಿನ ಠಾಣೆಗಳು ಬೆಳೆದವು. ಈ ಮಿಶನ್ನಿನ ಹೆಸರು ತೆಗೆದರೆ ಜನ 1843ರ ‘ಮಂಗಳೂರ ಸಮಾಚಾರ’ ನೆನೆಯುತ್ತಾರೆ, ಹೆಂಚಿನ ಕಾರ್ಖಾನೆ ನೆನೆಯುತ್ತಾರೆ, 1894ರ ಕಿಟೆಲ್ ನಿಘಂಟು ನೆನೆಯುತ್ತಾರೆ. ಹಾಡನ್ನು ನೆನೆಯುವವರು ಕಡಿಮೆ. ಲೂಥರ್‌ನ ಕಾಲದಿಂದ ಜರ್ಮನ್ ನಾಡಿನ ಸಾಮಾನ್ಯರು ತಮ್ಮ ಭಾಷೆಯಲ್ಲೇ ಚರ್ಚಿನಲ್ಲಿ ಹಾಡುತ್ತ ಬಂದಿದ್ದರು. ಬಂದವರ ಜೊತೆ ಆ ಧಾಟಿಗಳೂ ಬಂದವು, ಅವಕ್ಕೆ ಕನ್ನಡದ ಮಾತು ಕೂಡಿಕೊಂಡಿತು.

ಕೂಡಿಸುವುದು ಸುಲಭದ ಕೆಲಸವಲ್ಲ. ಕನ್ನಡಕ್ಕೆ ಲಘು ಗುರುಗಳೇ ಜೀವ. ಜರ್ಮನ್ ಧಾಟಿಯೋ ಸಾಲಿನ ಕೊನೆಯಲ್ಲಿ ಒಂದು ಅಕ್ಷರದ ಮೇಲೆ ಉದ್ದಕ್ಕೆ ನಿಲ್ಲು ಎನ್ನುತ್ತದೆ. ನಮ್ಮ ಮಾತು ಅಲ್ಲಿ ಹಗುರಾದ ‘ಉ’ಕಾರದಲ್ಲೋ ‘ಎ’ಕಾರದಲ್ಲೋ ಮುಗಿದಿರುತ್ತದೆ. ‘ಮನೆ’ ಎಳೆದು ‘ಮನೇ’ ಆಗುತ್ತದೆ, ‘ಬಂದನು’ ಎಂಬಲ್ಲಿ ‘ನು’ ದೀರ್ಘವಾಗುತ್ತದೆ. ಅಲ್ಲಿ ಎಳೆದರೂ ಒತ್ತಬೇಡಿ, ದನಿಯನ್ನು ಇಳಿಸುತ್ತ ಹೋಗಿ ಎಂದು ನಮ್ಮ ಮಾಸ್ಟರ್ ಪ್ರತಿ ವರ್ಷವೂ ಹೇಳುತ್ತಾರೆ. ಹಾಗೆ ಹಾಡಿದಾಗ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ. ಕಿಟೆಲ್ ಇನ್ನೊಂದು ಕಡೆಯಿಂದ ಹೊರಟರು. ಅವರ 1862ರ ‘ಕಥಾಮಾಲೆ’ ಕ್ರಿಸ್ತನ ಕಥೆಯನ್ನು ನಮ್ಮದೇ ಛಂದಸ್ಸಿನಲ್ಲಿ ಹೇಳಿತು. ನಿಘಂಟಿನಷ್ಟೇ ಪ್ರೀತಿಯಿಂದ ಓದಬೇಕಾದ ಪುಸ್ತಕ ಅದು.

ಡಿಸೆಂಬರಿನ ರಾತ್ರಿಗಳಲ್ಲಿ ಕ್ಯಾರಲ್ಸ್‌ಗೆ ಹೊರಡುತ್ತೇವೆ. ಒಂದು ವ್ಯಾನು, ಒಂದು ಗಿಟಾರು, ಕನ್ನಡ, ತುಳು, ಕೊಂಕಣಿ ಹಾಡುಗಳು. ಪ್ರತಿ ಮನೆಯಲ್ಲೂ ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳ ತಟ್ಟೆ ಮುಂದೆ ಬರುತ್ತದೆ, ಹನ್ನೊಂದರ ಹೊತ್ತಿಗೆ ಅಕ್ಕಿ ಉಂಡೆ ತಿಂದ ಗಂಟಲಿನಿಂದ ಮೇಲಿನ ಸ್ವರ ಬರುವುದು ಕಷ್ಟವಾಗುತ್ತದೆ. ಒಮ್ಮೆ ಬಸ್ಸು ಮಾಡಿಕೊಂಡು ಘಟ್ಟ ಹತ್ತಿ ಧಾರವಾಡಕ್ಕೂ ಹೋಗಿ ಬಂದೆವು. ಅಲ್ಲಿಯವರಿಗೂ ನಮಗೂ ಗೊತ್ತಿದ್ದ ಒಂದು ಹಾಡನ್ನು ಕೂಡಿ ಹಾಡೋಣ ಎಂದಾಯಿತು. ಅವರ ನಡೆ ನಮ್ಮದಕ್ಕಿಂತ ನಿಧಾನ, ಮಾತಿಗೆ ಉತ್ತರ ಕರ್ನಾಟಕದ ಗಟ್ಟಿ ಏರಿಳಿತ. ಮೊದಲ ಚರಣದಲ್ಲಿ ನಾವು ಮುಂದೆ ಓಡಿದೆವು. ‘ಎದಕ್ಕ ಅವಸರಾ ಮಾಡ್ತೀರಿ, ನಿಂತು ಹಾಡ್ರಿ’ ಎಂದರು ಅಲ್ಲಿಯ ಹಿರಿಯರೊಬ್ಬರು. ನಿಂತು ಹಾಡಿದೆವು. ಅದೇ ಹಾಡು ಇನ್ನಷ್ಟು ದೊಡ್ಡದಾಗಿ ಕೇಳಿಸಿತು.

ಧ್ವನಿಮುದ್ರಣದ ದಿನ ಇನ್ನೊಂದು ಪರೀಕ್ಷೆ. ಸ್ಟುಡಿಯೋಕ್ಕೆ ದುಡ್ಡಿರಲಿಲ್ಲ, ಹಾಲ್‌ನಲ್ಲೇ ಮೈಕ್ ನಿಲ್ಲಿಸಿ ಕ್ಯಾಸೆಟ್ ಮಾಡಿದೆವು. ಸದ್ದಾಗುತ್ತದೆಂದು ಫ್ಯಾನ್ ಆರಿಸಬೇಕು, ಮಂಗಳೂರಿನ ಸೆಕೆ, ಹೊರಗೆ ಕಾಗೆ. ಸೊಪ್ರಾನೊ ಸಾಲಿನ ನನ್ನ ದೊಡ್ಡಮ್ಮ ತೀರಿಕೊಂಡಿದ್ದಾರೆ. ಆ ಕ್ಯಾಸೆಟ್ಟಿನಲ್ಲಿ ಅವರ ದನಿಯನ್ನು ಬಿಡಿಯಾಗಿ ಹೆಕ್ಕಲು ಆಗುವುದಿಲ್ಲ, ಆದರೆ ಅದು ಅಲ್ಲಿದೆ.

ಊರಿಗೆ ಊರೇ ಹೀಗೆ ಹಾಡಿದರೆ ಏನಾದೀತು ಎಂಬುದಕ್ಕೆ ಎಸ್ಟೋನಿಯಾವನ್ನು ನೋಡಬೇಕು. ಜರ್ಮನ್ ಸಮೂಹಗಾನದ ಅದೇ ರೂಢಿ ಅಲ್ಲಿಗೂ ಹೋಗಿ ಬೇರೂರಿತ್ತು. 1869ರಲ್ಲಿ ತಾರ್ತು ಪಟ್ಟಣದಲ್ಲಿ ಅವರ ಮೊದಲ ಹಾಡಿನ ಹಬ್ಬ ನಡೆಯಿತು. ಈಗ ಐದು ವರ್ಷಕ್ಕೊಮ್ಮೆ ರಾಜಧಾನಿ ತಾಲಿನ್‌ನಲ್ಲಿ, 1960ರಲ್ಲಿ ಕಟ್ಟಿದ ಕಮಾನಿನ ಕೆಳಗೆ, ಸಾವಿರಾರು ಜನ ಒಟ್ಟಿಗೆ ನಿಲ್ಲುತ್ತಾರೆ. ಇಡೀ ದೇಶದ ಜನಸಂಖ್ಯೆ ಹದಿಮೂರು ಲಕ್ಷದ ಆಸುಪಾಸು. ಕವಯಿತ್ರಿ ಲಿಡಿಯಾ ಕೊಯ್ಡುಲಾ ಬರೆದ ನಾಡಪ್ರೇಮದ ಪದ್ಯಕ್ಕೆ ಗುಸ್ತಾವ್ ಎರ್ನೆಸಾಕ್ಸ್ ಕೂಡಿಸಿದ ಧಾಟಿ 1947ರ ಹಬ್ಬದಲ್ಲಿ ಮೊದಲು ಕೇಳಿಸಿತು. ಆಮೇಲೆ ಸೋವಿಯತ್ ಆಡಳಿತ ಅದನ್ನು ವರ್ಷಗಟ್ಟಲೆ ಕಾರ್ಯಕ್ರಮದಿಂದ ದೂರವಿಟ್ಟಿತು, ಜನ ಮರೆಯಲಿಲ್ಲ. 1988ರ ಬೇಸಿಗೆಯಲ್ಲಿ ರಾತ್ರಿ ರಾತ್ರಿ ತಾಲಿನ್‌ನ ಆ ಕಮಾನಿನ ಮೈದಾನದಲ್ಲಿ ಸೇರಿ ಹಾಡಿದರು. 1991ರ ಆಗಸ್ಟ್ 20ರಂದು ದೇಶ ಸ್ವತಂತ್ರವಾಯಿತು. ಹಾಡೊಂದರಿಂದಲೇ ಆಯಿತೆಂದು ಯಾರೂ ಹೇಳಲಾರರು. ಅಷ್ಟು ಜನ ಕೈಯೆತ್ತದೆ ಒಟ್ಟಿಗೆ ನಿಲ್ಲಲು ಹಾಡು ಕಲಿಸಿತ್ತು ಎಂಬುದು ನಿಜ.

ಹಲವು ದನಿಯ ಹಾಡು ಪಶ್ಚಿಮದ ಸೊತ್ತು ಎಂದು ದೂರ ಇಡುವವರಿಗೆ ಎಂ. ಬಿ. ಶ್ರೀನಿವಾಸನ್ ಅವರ ಹೆಸರು ಹೇಳಬೇಕು. ಮಲಯಾಳಂ ಸಿನಿಮಾದ ಆ ಸಂಗೀತ ನಿರ್ದೇಶಕರು ಮದ್ರಾಸ್ ಯೂತ್ ಕ್ವಾಯರ್ ಕಟ್ಟಿ, ತಮಿಳು ಕವಿ ಭಾರತಿಯವರ ಹಾಡುಗಳನ್ನು ರಾಗ ಕೆಡದಂತೆ ಹಲವು ದನಿಗೆ ಹಂಚಿದರು. ನಮ್ಮೂರಿನಲ್ಲೇ ಮಾಂಡ್ ಸೊಭಾಣ್ ಸಂಸ್ಥೆ 2008ರ ಜನವರಿಯಲ್ಲಿ 40 ಗಂಟೆ ಎಡೆಬಿಡದೆ ಕೊಂಕಣಿ ಹಾಡು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿತು.

ಕನ್ನಡದ ಭಾವಗೀತೆಗಳಿಗೆ ಚೆಂದದ ಧಾಟಿಗಳಿವೆ. ಅವುಗಳ ಪಕ್ಕಕ್ಕೆ ಎರಡನೆಯ, ಮೂರನೆಯ ದನಿ ಬರೆಯುವ ಕೆಲಸ ಸಾಕಷ್ಟು ಆಗಿಲ್ಲ. ಸಂಗೀತ ಬಲ್ಲವರು ಅದನ್ನು ಬರೆಯಿರಿ. ಶಾಲೆಯ ಮೇಷ್ಟರು, ಟೀಚರುಗಳು ವರ್ಷಕ್ಕೆ ಒಂದು ಹಾಡನ್ನಾದರೂ ಎರಡು ದನಿಯಲ್ಲಿ ಮಕ್ಕಳಿಗೆ ಕಲಿಸಿರಿ. ನಿಮ್ಮ ಬಡಾವಣೆಯಲ್ಲಿ ವಾರಕ್ಕೊಂದು ಸಂಜೆ ಹಾಡುವ ಗುಂಪು ಇದ್ದರೆ, ನನಗೆ ಹಾಡಲು ಬರುವುದಿಲ್ಲ ಎನ್ನದೆ ಹೋಗಿ ಸೇರಿಕೊಳ್ಳಿ. ಅದರಲ್ಲೂ ಗಂಡಸರು. ನಮ್ಮ ಹುಡುಗರು ಓದು ಮುಗಿಸಿ ಬೆಂಗಳೂರಿಗೆ, ದುಬೈಗೆ ಹೋದ ಮೇಲೆ ಟೆನರ್ ಸಾಲಿನಲ್ಲಿ ಜನ ಸಾಲುತ್ತಿಲ್ಲ.