ಬೆಳಕಿನ ಪಿಗ್ಮಿ ಖಾತೆ

ಪಿಗ್ಮಿ ಎಂದರೇನೆಂದು ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ಅಜ್ಜ ಅಜ್ಜಿಯರಿಗೆ ಚೆನ್ನಾಗಿ ಗೊತ್ತು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರು ಮಾಡಿದ ಉಳಿತಾಯ ಯೋಜನೆ ಅದು. ಏಜೆಂಟರು ದಿನವೂ ಬಾಗಿಲಿಗೇ ಬಂದು ಎರಡಾಣೆ ಕಟ್ಟಿಸಿಕೊಳ್ಳುತ್ತಿದ್ದರು. ಒಂದು ದಿನದ ಎರಡಾಣೆಯಲ್ಲಿ ಏನೂ ಇಲ್ಲ. ಆದರೆ ಹನಿಗೂಡಿದರೆ ಹಳ್ಳ. ಮುಂದೆ ಬೇರೆ ಬ್ಯಾಂಕುಗಳೂ ಇದೇ ದಾರಿ ಹಿಡಿದವು. ಗುಮಾಸ್ತನಾಗಿ ನಾನೂ ವರ್ಷಗಟ್ಟಲೆ ಇಂಥ ಖಾತೆಗಳ ಲೆಜರ್ ಬರೆದವನು.

ಕತ್ತಲಲ್ಲಿ ಫೋಟೋ ತೆಗೆಯುವುದೂ ಪಿಗ್ಮಿ ಕಟ್ಟಿದಂತೆಯೇ. ಹಗಲಲ್ಲಿ ಬೆಳಕು ಧಾರಾಳ. ಕ್ಯಾಮೆರಾದ ಶಟರ್, ಅಂದರೆ ಒಳಗಿನ ಪುಟ್ಟ ಬಾಗಿಲು, ಸೆಕೆಂಡಿನ ನೂರನೇ ಒಂದು ಭಾಗ ತೆರೆದರೂ ಸಾಕು. ಮುಸ್ಸಂಜೆಯಲ್ಲಿ ಹಾಗಲ್ಲ. ಬಾಗಿಲು ತೆರೆದಿಟ್ಟು ಹತ್ತು, ಇಪ್ಪತ್ತು, ಅರವತ್ತು ಸೆಕೆಂಡು ಕಾಯಬೇಕು. ಬೆಳಕು ಸ್ವಲ್ಪ ಸ್ವಲ್ಪವಾಗಿ ಒಳಗೆ ಜಮೆಯಾಗುತ್ತದೆ. ಇದನ್ನೇ ಲಾಂಗ್ ಎಕ್ಸ್‌ಪೋಷರ್ ಎನ್ನುತ್ತಾರೆ.

ನನ್ನದು ಲೈಕಾ ಎಂ9. ಜರ್ಮನಿಯ ಕಂಪನಿ 2009ರಲ್ಲಿ ಹೊರತಂದ ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾ. ಮಗ ಬಳಸಿದ್ದು, ಹೊಸದು ಕೊಂಡಾಗ ನನಗೆ ಕೊಟ್ಟ. ರೇಂಜ್‌ಫೈಂಡರ್ ಎಂದರೆ ದೂರ ಅಳೆಯುವ ಯಂತ್ರ. ಮಕ್ಕಳೇ, ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಅತ್ತಿಂದಿತ್ತ ಜಿಗಿಯುತ್ತದೆ. ಹತ್ತಿರ ತಂದರೆ ಹೆಚ್ಚು ಜಿಗಿಯುತ್ತದೆ, ದೂರ ಒಯ್ದರೆ ಕಡಿಮೆ. ಈ ಕ್ಯಾಮೆರಾಕ್ಕೂ ಮುಂಭಾಗದಲ್ಲಿ ಎರಡು ಕಿಟಕಿಗಳಿವೆ. ಅವುಗಳಲ್ಲಿ ಮೂಡುವ ಎರಡು ಬಿಂಬಗಳು ಒಂದರ ಮೇಲೊಂದು ಸರಿಯಾಗಿ ಕೂರುವವರೆಗೆ ಮಸೂರದ ಬಳೆ ತಿರುಗಿಸಬೇಕು. ಕೂತಿತೆಂದರೆ ಫೋಕಸ್ ಸರಿಯಾಯಿತು.

ಇದರಲ್ಲಿ ನಾವು ನೋಡುವುದು ಪಕ್ಕದ ಕಿಟಕಿಯಿಂದ, ಮಸೂರದ ಮೂಲಕ ಅಲ್ಲ. ಹಾಗಾಗಿ ಮಸೂರಕ್ಕೆ ದಟ್ಟ ಕಪ್ಪು ಗಾಜು ಹಾಕಿದರೂ ನಮ್ಮ ಕಣ್ಣಿಗೆ ಎಲ್ಲವೂ ಕಾಣುತ್ತಿರುತ್ತದೆ. ಆ ಗಾಜಿನ ಹೆಸರು ಎನ್‌ಡಿ ಫಿಲ್ಟರ್. ಅದರಲ್ಲಿ ಒಂದು ಬಗೆ ಸಾವಿರದಲ್ಲಿ ಒಂದು ಪಾಲು ಬೆಳಕನ್ನಷ್ಟೇ ಒಳಗೆ ಬಿಡುತ್ತದೆ. ಸೆಕೆಂಡಿನ ಹದಿನೈದನೇ ಒಂದು ಭಾಗದಲ್ಲಿ ಮುಗಿಯಬೇಕಾದ ಚಿತ್ರಕ್ಕೆ ಆಗ ಸುಮಾರು 66 ಸೆಕೆಂಡು ಬೇಕು. ಸಾವಿರವನ್ನು ಹದಿನೈದರಿಂದ ಭಾಗಿಸಿ, ನೀವೇ ತಾಳೆ ನೋಡಿ.

ಈ ಗಾಜನ್ನು ನಾನು ಮನಸ್ಸಿಟ್ಟು ಬಳಸಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಮಾರಿಕಣಿವೆ ಕೋಡಿ ಬಿದ್ದಾಗ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರಕ್ಕೆ ನಮ್ಮ ಕಡೆಯವರು ಮಾರಿಕಣಿವೆ ಎಂದೇ ಅನ್ನುವುದು. 1907ರಲ್ಲಿ ಕಟ್ಟಿ ಮುಗಿದ ಈ ಅಣೆಕಟ್ಟು ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ಆಗ ನಮ್ಮಪ್ಪ ಹುಡುಗ. ಗಾಡಿಯಲ್ಲಿ ಹೋಗಿ ನೋಡಿದ್ದನ್ನು ಸಾಯುವ ತನಕ ಹೇಳುತ್ತಿದ್ದರು. "ನೀರಲ್ಲವೋ ಅದು, ಹಿಂಜಿದ ಅರಳೆ" ಎನ್ನುತ್ತಿದ್ದರು. ಎರಡನೇ ಸಲ ಕೋಡಿ ಬೀಳಲು 89 ವರ್ಷ ಬೇಕಾಯಿತು.

ಭರಮಸಾಗರದಿಂದ ಬಸ್ಸು ಹಿಡಿದು ಹೋದೆ. ಜನವೋ ಜನ, ಜಾತ್ರೆಯ ಹಾಗೆ. ಒಂದು ಮೂಲೆಯಲ್ಲಿ ಸ್ಟ್ಯಾಂಡ್ ಊರಿ, ಕಪ್ಪು ಗಾಜು ಹಾಕಿ 66 ಸೆಕೆಂಡು ಎಣಿಸಿದೆ. ತೆರೆಯ ಮೇಲೆ ಚಿತ್ರ ಮೂಡಿದಾಗ ನೀರು ಅಪ್ಪ ಹೇಳಿದಂತೆಯೇ ಹಿಂಜಿದ ಅರಳೆಯಾಗಿತ್ತು. ಆದರೆ ಜನ ಎಲ್ಲಿ? ಕಣ್ಣ ಮುಂದೆ ಓಡಾಡುತ್ತಿದ್ದ ಅಷ್ಟು ಮಂದಿ ಚಿತ್ರದಲ್ಲಿ ತೆಳ್ಳನೆಯ ಹೊಗೆಯಾಗಿದ್ದರು. ಸ್ಪಷ್ಟವಾಗಿ ಕಂಡವರು ಒಬ್ಬರೇ. ಕೋಲಿನ ಮೇಲೆ ಎರಡೂ ಕೈ ಇಟ್ಟು, ನೀರು ನೋಡುತ್ತಾ ನಿಂತಿದ್ದ ಒಬ್ಬ ಮುದುಕರು. ಅಪ್ಪ ಬಂದಿದ್ದರೆ ಹೀಗೆಯೇ ನಿಲ್ಲುತ್ತಿದ್ದರೇನೋ.

ಹೀಗಾಗುವುದು ಹೊಸದಲ್ಲ. 1838ರಲ್ಲಿ ಫ್ರಾನ್ಸಿನ ದಾಗೇರ್ ಎಂಬುವರು ಪ್ಯಾರಿಸ್ಸಿನ ಗಿಜಿಗುಡುವ ಬೀದಿಯೊಂದರ ಚಿತ್ರ ತೆಗೆದರು. ಆ ಕಾಲದ ಫಲಕಕ್ಕೆ ಹಲವು ನಿಮಿಷಗಳ ಬೆಳಕು ಬೇಕಿತ್ತು. ಚಲಿಸುತ್ತಿದ್ದ ಗಾಡಿ, ಕುದುರೆ, ಜನ ಎಲ್ಲ ಮಾಯವಾಗಿ ಬೀದಿ ಬರಿದಾಗಿ ಕಾಣುತ್ತದೆ. ಮೂಲೆಯಲ್ಲಿ ಒಬ್ಬ ಮನುಷ್ಯ ಉಳಿದಿದ್ದಾನೆ. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳಲು ಒಂದು ಕಾಲು ಎತ್ತಿಟ್ಟು ಅಲ್ಲಾಡದೆ ನಿಂತಿದ್ದ, ಅದಕ್ಕೇ ಉಳಿದ. ಮನುಷ್ಯರು ಕಾಣುವ ಮೊದಲ ಛಾಯಾಚಿತ್ರಗಳಲ್ಲಿ ಅದೂ ಒಂದು ಎನ್ನುತ್ತಾರೆ.

ಆ ವರ್ಷದ ದಸರೆಗೆ ಮೊಮ್ಮಗಳು ಬೆಂಗಳೂರಿನಿಂದ ಬಂದಿದ್ದಳು. ಆಗ ಎಂಟು ವರ್ಷ. ಒಂದು ಸಂಜೆ ಅವಳನ್ನೂ ನನ್ನ ಹೆಂಡತಿಯನ್ನೂ ನಮ್ಮೂರ ಕೆರೆ ಏರಿಯ ಮೇಲೆ ಕೂರಿಸಿದೆ. ಸೂರ್ಯ ಮುಳುಗಿ, ಆಕಾಶದ ಕೆಂಪು ನೀರಿಗಿಳಿದಿತ್ತು. ಫ್ಲಾಶ್ ಹಾಕಿದರೆ ಮುಖಗಳು ಬರುತ್ತವೆ, ಹಿಂದಿನ ಕೆರೆ ಕತ್ತಲಾಗುತ್ತದೆ. ಹಾಗಾಗಿ ಡಯಲ್ಲನ್ನು "ಬಿ" ಅಕ್ಷರಕ್ಕೆ ತಿರುಗಿಸಿದೆ. ಬಿ ಎಂದರೆ ಬಲ್ಬ್. ಹಿಂದಿನ ಕ್ಯಾಮೆರಾಗಳಲ್ಲಿ ರಬ್ಬರ್ ಬುರುಡೆಯನ್ನು ಹಿಚುಕಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುತ್ತಿತ್ತು, ಹೆಸರು ಹಾಗೆ ಉಳಿದಿದೆ.

"ಇಪ್ಪತ್ತು ಎಣಿಸುವ ತನಕ ಅಲುಗಾಡಬಾರದು" ಎಂದೆ. ಮೂರು ಎಣಿಸುವಷ್ಟರಲ್ಲಿ ಮೊಮ್ಮಗಳು ಕೊಕ್ಕರೆ ನೋಡಿ ಎದ್ದಳು. ಚಿತ್ರದಲ್ಲಿ ಅಜ್ಜಿ ಕಲ್ಲಿನಲ್ಲಿ ಕಡೆದಂತೆ ಸ್ಪಷ್ಟ, ಪಕ್ಕದಲ್ಲಿ ಬರೀ ಹೊಗೆ.

"ಅಜ್ಜ, ನಾನೇ ಇಲ್ಲ!" ಎಂದು ಮುಖ ಸಣ್ಣ ಮಾಡಿಕೊಂಡಳು.

"ಬಾ ಕಂದ, ನನ್ನ ಕೈ ಹಿಡ್ಕೊಂಡು ಕೂತ್ಕೋ, ಆಗ ಬರ್ತೀಯ" ಎಂದಳು ಅಜ್ಜಿ.

ಎರಡನೇ ಸಲ ಹುಡುಗಿ ಉಸಿರು ಬಿಗಿ ಹಿಡಿದು ಕೂತಳು. ಇಪ್ಪತ್ತಾಯಿತು, ಶಟರ್ ಮುಚ್ಚಿದೆ. ಆದರೆ ಈ ಕ್ಯಾಮೆರಾಕ್ಕೊಂದು ಅಭ್ಯಾಸವಿದೆ. ಹೆಚ್ಚು ಹೊತ್ತು ತೆರೆದಿಟ್ಟಾಗ ಸೆನ್ಸರ್‌ನಲ್ಲಿ ಇಲ್ಲದ ಚುಕ್ಕೆಗಳು ಮೂಡುತ್ತವೆ. ಅದಕ್ಕೇ ಬಾಗಿಲು ಮುಚ್ಚಿಕೊಂಡು ಅಷ್ಟೇ ಹೊತ್ತು ಕತ್ತಲ ಚಿತ್ರವೊಂದನ್ನು ತೆಗೆದು, ಅದರಲ್ಲಿ ಬಂದ ಚುಕ್ಕೆಗಳನ್ನು ಮೊದಲ ಚಿತ್ರದಿಂದ ಕಳೆಯುತ್ತದೆ. ಸಂಜೆ ಕ್ಯಾಷ್ ತಾಳೆ ನೋಡಿದ ಹಾಗೆ. ಆ ಇಪ್ಪತ್ತು ಸೆಕೆಂಡು ಅವರು ಕೂತೇ ಇರಬೇಕೆಂದಿಲ್ಲ. ನಾನು ಹೇಳಲಿಲ್ಲ. ಇಬ್ಬರೂ ಕೈ ಹಿಡಿದುಕೊಂಡು ಕೂತೇ ಇದ್ದರು, ನಾನು ನೋಡುತ್ತಾ ನಿಂತಿದ್ದೆ.

ಆ ಚಿತ್ರದಲ್ಲಿ ಮೊಮ್ಮಗಳು ಚೆನ್ನಾಗಿ ಬಂದಿದ್ದಾಳೆ. ಅಜ್ಜಿಯ ಮುಖ ಮಾತ್ರ ಕೊಂಚ ಕದಡಿದೆ. ಮಗು ಅಲುಗಾಡದೆ ಕೂತಿದೆಯೋ ಇಲ್ಲವೋ ಎಂದು ಆಗಾಗ ಅತ್ತ ತಿರುಗಿ ನೋಡಿದ್ದಾಳೆ.

ನನ್ನ ಹೆಂಡತಿ ಈಗಿಲ್ಲ. ಗೋಡೆಯ ಮೇಲೆ ಹಾರ ಹಾಕಲು ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿದ್ದೇವೆ, ಅದರಲ್ಲಿ ಮುಖ ಸ್ಪಷ್ಟವಾಗಿದೆ. ನನ್ನ ಮೇಜಿನ ಮೇಲಿರುವುದು ಕೆರೆ ಏರಿಯ ಚಿತ್ರ. ಬಂದವರು "ಮುಖ ಸರಿಯಾಗಿ ಬಂದಿಲ್ಲವಲ್ಲ" ಎನ್ನುತ್ತಾರೆ. ನನಗೆ ಸರಿಯಾಗಿಯೇ ಬಂದಂತೆ ಕಾಣುತ್ತದೆ. ಇಪ್ಪತ್ತು ಸೆಕೆಂಡಿನಲ್ಲಿ ಆಕೆ ಎತ್ತ ನೋಡುತ್ತಿದ್ದಳು ಎಂಬುದು ಅದರಲ್ಲಿ ಜಮೆಯಾಗಿದೆ. ಆಧಾರ್ ಫೋಟೋದಲ್ಲಿ ಅದಿಲ್ಲ.

ಮಕ್ಕಳೇ, ಇದಕ್ಕೆ ಲೈಕಾ ಬೇಕೆಂದೇನಿಲ್ಲ. ಮನೆಯಲ್ಲಿರುವ ಮೊಬೈಲ್‌ನಲ್ಲಿ ನೈಟ್ ಮೋಡ್ ಇದ್ದರೆ ಸಾಕು. ಮೊಬೈಲನ್ನು ಕೈಯಲ್ಲಿ ಹಿಡಿಯದೆ, ಪುಸ್ತಕಗಳನ್ನು ಪೇರಿಸಿ ಒರಗಿಸಿಡಿ. ಒತ್ತುವಾಗಿನ ಅದುರು ತಪ್ಪಿಸಲು ಟೈಮರ್ ಹಾಕಿ. ಮುಸ್ಸಂಜೆ ಹೊತ್ತಿಗೆ ಅಜ್ಜ ಅಜ್ಜಿಯನ್ನು ಜಗುಲಿಯಲ್ಲಿ ಕೂರಿಸಿ, ನೀವೂ ಓಡಿ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಮನಸ್ಸಿನಲ್ಲೇ ಎಣಿಸಿ. ಎಣಿಸಿ ಮುಗಿದ ಕೂಡಲೇ ಎದ್ದು ಓಡಬೇಡಿ. ಕ್ಯಾಮೆರಾಕ್ಕೆ ಲೆಕ್ಕ ತಾಳೆ ನೋಡುವುದು ಬಾಕಿ ಇರಬಹುದು.