ಸೀರಿಯಲ್ ಮೌಸಿನ ಸಂಗ

ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೇ ಸಾಮಾನಿನ ರಾಶಿಯಲ್ಲಿ ಚೆಂಡಿನ ಮೌಸ್ ಕಂಡರೆ ಬಿಟ್ಟುಬರಲು ನನಗೆ ಮನಸ್ಸಾಗುವುದಿಲ್ಲ. ವಯರಿನ ತುದಿಯಲ್ಲಿ ಒಂಬತ್ತು ತೂತಿನ ಸೀರಿಯಲ್ ಕನೆಕ್ಟರ್ ಇದ್ದರಂತೂ ಮುಗಿದೇ ಹೋಯಿತು. ಅದನ್ನು ಮನೆಗೆ ತಂದು ಇವತ್ತಿನ ಲಿನಕ್ಸಿನಲ್ಲಿ ಓಡಾಡಿಸುವುದು ನನಗೆ ಬಲು ಪ್ರೀತಿಯ ಕೆಲಸ.

ಮೊದಲು ಶುಚಿ. ತಳದ ಬಿಲ್ಲೆಯನ್ನು ತಿರುಗಿಸಿದರೆ ರಬ್ಬರು ಹೊದ್ದ ಉಕ್ಕಿನ ಚೆಂಡು ಭಾರವಾಗಿ ಅಂಗೈಗೆ ಬೀಳುತ್ತದೆ. ಒಳಗೆ ಒಂದಕ್ಕೊಂದು ಅಡ್ಡಲಾಗಿ ಎರಡು ಪುಟ್ಟ ರೋಲರುಗಳು. ಅವುಗಳ ನಟ್ಟನಡುವೆ ಮೇಜಿನ ಧೂಳು, ಕೈಯ ಜಿಡ್ಡು ಸೇರಿ ಗಟ್ಟಿಯಾದ ಕಪ್ಪು ಪಟ್ಟಿ. ಉಗುರಿನಿಂದ ಮೆಲ್ಲಗೆ ಕೆರೆದರೆ ಅದು ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಆಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒಂದು ಸಲ ಒರೆಸಿದರೆ ಸಾಕು. ರೋಲರಿನ ತುದಿಯಲ್ಲಿ ಸೀಳುಗಳಿರುವ ಚಕ್ರ, ಅದರ ಒಂದು ಪಕ್ಕಕ್ಕೆ ಇನ್‌ಫ್ರಾರೆಡ್ ಎಲ್ಇಡಿ, ಇನ್ನೊಂದು ಪಕ್ಕಕ್ಕೆ ಸೆನ್ಸರ್ ಜೋಡಿ. ಎರಡರಲ್ಲಿ ಯಾವುದಕ್ಕೆ ಬೆಳಕು ಮೊದಲು ತಾಗಿತು ಎಂಬುದರಿಂದ ಚೆಂಡು ಯಾವ ದಿಕ್ಕಿಗೆ ಉರುಳಿತೆಂದು ತಿಳಿಯುತ್ತದೆ. ಇಷ್ಟೂ ಬರಿಗಣ್ಣಿಗೆ ಕಾಣುವ ಯಂತ್ರ. ಈಗಿನ ಆಪ್ಟಿಕಲ್ ಮೌಸಿನಲ್ಲಿ ಈ ಸುಖ ಇಲ್ಲ.

ಜೋಡಿಸಿದ ತಕ್ಷಣ ನಾನು ಪಾಯಿಂಟರಿಗೆ ಕೈ ಹಾಕುವುದಿಲ್ಲ. ಮೌಸ್ ಏನು ಹೇಳುತ್ತದೆಂದು ಮೊದಲು ಕೇಳಿಸಿಕೊಳ್ಳಬೇಕು. ಟರ್ಮಿನಲ್ ತೆರೆದು ಸೀರಿಯಲ್ ಪೋರ್ಟನ್ನು 1200 ಬಾಡ್, 7 ಬಿಟ್, ಪ್ಯಾರಿಟಿ ಇಲ್ಲ ಎಂದು ಹೊಂದಿಸಿ, ಬರುವ ಬೈಟುಗಳನ್ನು ಹೆಕ್ಸಾಡೆಸಿಮಲ್‌ನಲ್ಲಿ ತೋರಿಸಲು ಹೇಳುತ್ತೇನೆ. ಈ ಮೌಸಿಗೆ ಬೇರೆ ವಿದ್ಯುತ್ ಇಲ್ಲ. ಪೋರ್ಟಿನ ಡಿಟಿಆರ್, ಆರ್‌ಟಿಎಸ್ ಎಂಬ ಎರಡು ಗೆರೆಗಳಿಂದಲೇ ಅದರ ಜೀವನ. ಆ ಗೆರೆಗಳು ಏರಿದೊಡನೆ ಎಚ್ಚೆತ್ತು ‘ಎಮ್’ ಅಕ್ಷರವೊಂದನ್ನು ಕಳಿಸುತ್ತದೆ. ಮೈಕ್ರೋಸಾಫ್ಟ್ ಪ್ರೋಟೋಕಾಲಿನ ಮೌಸ್ ತನ್ನ ಗುರುತು ಹೇಳುವ ರೀತಿ ಅದು. ಎಡಗುಂಡಿ ಒತ್ತಿ: 60 00 00. ಬಿಡಿ: 40 00 00. ಬಲಗುಂಡಿಗೆ 50 00 00. ಅಲುಗಾಡಿಸದಿದ್ದರೆ ಪೂರ್ತಿ ಮೌನ. ಮೂರೇ ಬೈಟು! ಮೊದಲನೆಯದರಲ್ಲಿ ಗುಂಡಿಗಳ ಸ್ಥಿತಿ, ಅದರ ಜೊತೆಗೇ ಅಡ್ಡ ಮತ್ತು ಉದ್ದ ಚಲನೆಯ ಮೇಲಿನ ಎರಡೆರಡು ಬಿಟ್ಟುಗಳು. ಮಿಕ್ಕ ಆರಾರು ಬಿಟ್ಟುಗಳು ಉಳಿದೆರಡು ಬೈಟುಗಳಲ್ಲಿ. ಒಂದು ಬಿಟ್ಟನ್ನೂ ಪೋಲು ಮಾಡದ ಈ ಜಾಣತನ ನೋಡಿ ನನಗೆ ಪ್ರತಿಸಲವೂ ಖುಷಿಯಾಗುತ್ತದೆ.

ಇನ್ನು ಪಾಯಿಂಟರ್. ‘ಇನ್‌ಪುಟ್‌ಅಟ್ಯಾಚ್’ ಎಂಬ ಪುಟ್ಟ ಪ್ರೋಗ್ರಾಮಿಗೆ ಪ್ರೋಟೋಕಾಲಿನ ಹೆಸರು, ಪೋರ್ಟಿನ ಹೆಸರು ಕೊಟ್ಟರೆ ಆಯಿತು. ಮೂರು ಗುಂಡಿಯ ಲಾಜಿಟೆಕ್‌ಗೂ, ಐದು ಬೈಟು ಕಳಿಸುವ ಮೌಸ್ ಸಿಸ್ಟಮ್ಸ್ ಮಾದರಿಗೂ ಅದರಲ್ಲಿ ಬೇರೆ ಬೇರೆ ಆಯ್ಕೆಗಳಿವೆ. ಅದರ ಬೆನ್ನಿಗೆ ಕರ್ನಲ್‌ನ ‘ಸರ್‌ಮೌಸ್’ ಡ್ರೈವರ್ ತಾನಾಗಿ ಎದ್ದು ಕೂರುತ್ತದೆ. ವೊಯ್ಟೆಕ್ ಪಾವ್ಲಿಕ್ 1999ರಿಂದ 2001ರ ನಡುವೆ ಬರೆದ, ಕೆಲವೇ ನೂರು ಸಾಲುಗಳ ಆ ಡ್ರೈವರನ್ನು ಯಾರು ಬೇಕಾದರೂ ತೆರೆದು ಓದಬಹುದು. ನಾನು ಟರ್ಮಿನಲ್ಲಿನಲ್ಲಿ ಕಂಡ 60, 40ರ ಲೆಕ್ಕವೇ ಅಲ್ಲಿ ಸಿ ಭಾಷೆಯಲ್ಲಿದೆ. ಕಣ್ಣಾರೆ ಕಂಡದ್ದು ಅಲ್ಲಿ ಸಾಲಿಗೆ ಸಾಲು ತಾಳೆಯಾಗುವುದು ಈ ಹವ್ಯಾಸದ ಅತಿ ದೊಡ್ಡ ಸಂತೋಷ.

ಸೆಕೆಂಡಿಗೆ ನಲವತ್ತರ ಆಸುಪಾಸಿನಷ್ಟೇ ಸುದ್ದಿ ಬರುವುದರಿಂದ ಪಾಯಿಂಟರ್ ಚೂರು ತಡೆದು ತಡೆದು ಸಾಗುತ್ತದೆ; ಸಾಮಾನ್ಯ ಯುಎಸ್‌ಬಿ ಮೌಸಿನದು 125. ಆದರೂ ಪುಟ ವಿನ್ಯಾಸ ಮಾಡುವಾಗ ಆ ನಿಧಾನವೇ ನನಗೆ ಹಿತ. ಬರೀ ಅಕ್ಷರಗಳ ಕನ್ಸೋಲಿನಲ್ಲಿ ಕೆಲಸವಾದರೆ ‘ಜಿಪಿಎಮ್’ ಇದೆ. ಎಡಗುಂಡಿಯಿಂದ ಎಳೆದು ಆಯ್ದ ಪದವನ್ನು ಮೂರು ಗುಂಡಿಯ ಮೌಸಿನಲ್ಲಿ ನಡುಗುಂಡಿ ಒತ್ತಿ ಅಂಟಿಸಬಹುದು.

ನಿಮ್ಮ ಅಟ್ಟದ ಮೇಲೆ ಇಂಥದೊಂದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಕಂಪ್ಯೂಟರಿನಲ್ಲಿ ಸೀರಿಯಲ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ ಕನ್ವರ್ಟರ್ ಸಿಗುತ್ತದೆ. ಮೌಸಿಗೆ ಬೇಕಾದಷ್ಟು ವೋಲ್ಟೇಜ್ ಕೊಡುವಂಥದ್ದನ್ನು ಪರೀಕ್ಷಿಸಿ ಕೊಳ್ಳಿ. ಮನೆಯಲ್ಲಿರುವುದು ದುಂಡು ಕನೆಕ್ಟರಿನ ಪಿಎಸ್/2 ಮೌಸಾದರೆ ಇನ್ನೂ ಸುಲಭ, ಕರ್ನಲ್ ಅದನ್ನು ತಾನೇ ಗುರುತಿಸುತ್ತದೆ. ಕಂಪ್ಯೂಟರ್ ಆಫ್ ಮಾಡಿಯೇ ಚುಚ್ಚಿ, ಅಷ್ಟೇ.